ಕಳೆದುಹೋದ ಕಾಕಾನೂ ಸಿಂಧನೂರಿನ ಸಿನಿಮಾವೂ

ಸಿನಿಮಾ ನೋಡಿ ಕೆಟ್ಟವರ ಕತೆ ನೀವು ಬೇಕಾದಷ್ಟು ಕೇಳಿರಬಹುದು. ಸಿನಿಮಾ ನೋಡಿ ಊರಿಗೇ ಪಂಡಿತನಾದವನು ನಾನೊಬ್ಬನೇ ಇರಬೇಕು. ಅದು ನಿಜಾಮರ ಕಾಲ. ಸಿಂಧನೂರಿನ ಬಯಲಿಗೆ ಡೇರೆ ಸಿನಿಮಾ ಬಂತೆಂದರೆ ಮಸ್ಕಿಯ ಬಂಡಿಗಳೆಲ್ಲ ಅತ್ತ ಹೊರಳುತ್ತಿದ್ದವು. ಪರದೆಯ ಮೇಲಿನವರು ಆಡುವುದು ಉರ್ದು, ಬಂಡಿಯಲ್ಲಿ ಬಂದವರಿಗೆ ತಿಳಿಯುವುದು ಕನ್ನಡ. ಲಿಂಗಸುಗೂರಿನ ಶಾಲೆಯಲ್ಲಿ ಉರ್ದುವಿನಲ್ಲೇ ಓದಿ, ಉರ್ದುವಿನಲ್ಲೇ ಬೈಸಿಕೊಂಡು ಪಾಸಾದ ನಾನು ನಡುವೆ ಕೂತು ಅರ್ಥ ಹೇಳುತ್ತಿದ್ದೆ. ನಾನು ಬಾಯಿ ಬಿಡದಿದ್ದರೆ ನಾಯಕ ಯಾಕೆ ಅಳುತ್ತಿದ್ದಾನೆಂದು ಅರ್ಧ ಮಸ್ಕಿಗೆ ಗೊತ್ತಾಗುತ್ತಿರಲಿಲ್ಲ. ಇದನ್ನು ಜಂಬವೆನ್ನುವವರು ಧಾರಾಳವಾಗಿ ಅನ್ನಲಿ.

ಆ ಸಿನಿಮಾಗಳಲ್ಲಿ ಇರುತ್ತಿದ್ದುದು ಒಂದೇ ಕತೆ. ದೊಡ್ಡ ಮನೆತನ, ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗದು. ಅಣ್ಣ ತಮ್ಮನನ್ನು ಹೊರಗೆ ಹಾಕುತ್ತಾನೆ. ಸೊಸೆ ಬಾವಿಯ ಕಡೆ ಓಡುತ್ತಾಳೆ, ಓಡುವಾಗಲೂ ಒಂದು ಹಾಡು ಹೇಳಿ ಮುಗಿಸುತ್ತಾಳೆ. ಕೊನೆಗೆ ಕಳೆದುಹೋದ ತಮ್ಮ ಗಡ್ಡ ಬಿಟ್ಟುಕೊಂಡು ಬಂದರೆ, ತಾಯಿ ಅವನ ತೋಳಿನ ತಾಯಿತ ನೋಡಿ ಗುರುತು ಹಿಡಿಯುತ್ತಾಳೆ. ಡೇರೆಗೆ ಡೇರೆಯೇ ಗೊಳೋ ಎನ್ನುತ್ತಿತ್ತು. ಕಣ್ಣಿಗೆ ಪೊರೆ ಬಂದು ಸಿನಿಮಾ ನೋಡಲಾಗದೆ ನನ್ನ ಬಾಯಿಂದ ಕೇಳಲು ಬರುತ್ತಿದ್ದ ನಮ್ಮ ಅಜ್ಜಿ ಮಾತ್ರ ಅಳುತ್ತಿರಲಿಲ್ಲ. "ಇದೂ ಒಂದು ಜಗಳೇನ್ರೀ? ನಮ್ಮ ಮನಿಯವರು ಊಟಕ್ಕ ಕುಂತಾಗ ಇದಕ್ಕಿಂತ ಜಾಸ್ತಿ ಮಾಡ್ತಾರ" ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಿದ್ದಳು. ಆಗ ನನ್ನ ಎದೆ ಉಬ್ಬುತ್ತಿತ್ತು.

ಅಜ್ಜಿ ಹೇಳಿದ್ದೇನೂ ಸುಳ್ಳಲ್ಲ. ನಮ್ಮ ಶರಣಪ್ಪ ಕಾಕಾ, ಅಂದರೆ ಅಪ್ಪನ ತಮ್ಮ, ಊರು ಬಿಟ್ಟದ್ದು ಅಂಥದೇ ಜಗಳದಲ್ಲಿ. ತನ್ನ ಹೊಸ ಚಪ್ಪಲಿಯನ್ನು ಕೇಳದೆ ಮೆಟ್ಟಿಕೊಂಡು ಅಪ್ಪ ಲಿಂಗಸುಗೂರಿಗೆ ಹೋಗಿಬಂದನೆಂದು ಸಿಟ್ಟಾಗಿ, ಬರಿಗಾಲಲ್ಲೇ ಸೊಲ್ಲಾಪುರದ ಗಿರಣಿಗೆ ಹೋದವನು ಮತ್ತೆ ಬರಲಿಲ್ಲ. ಅವನು ಬಂದರೂ ಮುಖ ನೋಡುವುದಿಲ್ಲವೆಂದು ಅಪ್ಪ ಆಣೆ ಇಟ್ಟಿದ್ದ. ನಾನಾಗ ತೊಟ್ಟಿಲಲ್ಲಿದ್ದೆ. ಅಜ್ಜಿ ಹೊರಗೆ ಎಷ್ಟೇ ಗಟ್ಟಿಯಾಗಿದ್ದರೂ ಬಾಗಿಲಲ್ಲಿ ಹೆಜ್ಜೆ ಸಪ್ಪಳವಾದರೆ ಸಾಕು, "ಶರಣ್ಯಾ ಬಂದೇನೋ?" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಗಡ್ಡದ ಮನುಷ್ಯನೊಬ್ಬ ನಡುಮನೆಗೇ ಬಂದು "ಯವ್ವಾ, ನಾ ಶರಣ್ಯಾ ಬಂದೀನಿ" ಎಂದ. ಅಜ್ಜಿ ಕೈ ಚಾಚಿದಳು. ಕೈ ಅರ್ಧಕ್ಕೇ ನಿಂತಿತು. ದನಿ ಅವಳ ಗುರುತಿಗೆ ಸಿಗಲಿಲ್ಲ. "ಖರೇನ ನನ್ನ ಮಗ ಹೌದೋ ಅಲ್ಲೋ, ಯಾರರ ನೋಡಿ ಹೇಳ್ರಪ್ಪಾ" ಎಂದಳು. ಹೇಳಬೇಕಾದವನು ಅಪ್ಪ. ಆದರೆ ಬಂದವನು ತಮ್ಮನೇ ಆಗಿದ್ದರೆ ಅವನ ಮುಖ ನೋಡುವಂತಿಲ್ಲ, ನೋಡದೆ ತಮ್ಮನೆಂದು ತಿಳಿಯುವಂತಿಲ್ಲ! ಅಪ್ಪ ಗೋಡೆಯ ಕಡೆ ತಿರುಗಿ ಕುಳಿತ.

ಪಂಡಿತನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಉಂಟೆ? ನಾನು ಮುಂದೆ ಬಂದೆ.

"ತಾಯಿತ ಐತೇನ್ರೀ?"

"ಇಲ್ಲ."

"ತೋಳಿನ ಮ್ಯಾಲ ಮಚ್ಚಿ?"

"ಇಲ್ಲೋ ತಮ್ಮಾ."

"ಸಣ್ಣಾವರಿದ್ದಾಗ ಅವ್ವ ಹೇಳ್ತಿದ್ದ ಹಾಡರ ನೆನಪೈತೇನು?"

"ನಮ್ಮವ್ವ ಬೈತಿದ್ಲು. ಹಾಡು ಎಲ್ಲಿಂದ ಬರಬೇಕು?"

ನಾನು ತಲೆಯಾಡಿಸಿ, "ಅಜ್ಜೀ, ಇವ್ರು ನಮ್ಮೋರಲ್ಲ. ಆಸ್ತಿ ಹೊಡಿಯಾಕ ಸಿನಿಮಾದಾಗ ಹಿಂಗ ಬಾಳ ಮಂದಿ ಬರ್ತಾರ" ಎಂದು ತೀರ್ಪು ಕೊಟ್ಟೆ. ನಮ್ಮ ಆಸ್ತಿಯೆಂದರೆ ಒಂದು ತುಂಡು ಎರೆಹೊಲ ಮತ್ತು ಹಾಯುವ ಎಮ್ಮೆ. ಅಜ್ಜಿಯ ಮುಖ ಬಾಡಿಹೋಯಿತು.

ಆಗ ಆ ಮನುಷ್ಯ ನಡುಮನೆಯ ಕಂಬದ ಕಡೆ ತಿರುಗಿದ. "ಯಪ್ಪಾ ಕಂಬಪ್ಪಾ, ಈ ಮನ್ಯಾಗ ಬಂದೋರಿಗೆ ನೀರು ಕೊಡೋ ರಿವಾಜು ಐತೋ, ಬಿಟ್ಟಾರೋ?"

ನಮ್ಮ ಮನೆಯಲ್ಲಿ ಮಾತು ಬಿಟ್ಟವರು ಮಾತಾಡುವುದು ಕಂಬದ ಸಂಗಡ. ಎದುರೇ ಕುಳಿತವನಿಂದ ಉಪ್ಪು ಬೇಕಾದರೂ ಕಂಬಪ್ಪನನ್ನೇ ಕೇಳಬೇಕು. ಮಂದಿಯ ಮುಂದೆ ಹೀಗೆ ಯಾರೂ ಮಾಡುತ್ತಿರಲಿಲ್ಲವಾಗಿ ಹೊರಗಿನವರಿಗೆ ಇದರ ಸುಳಿವೇ ಇರಲಿಲ್ಲ.

ಅಪ್ಪನ ಬೆನ್ನು ನೆಟ್ಟಗಾಯಿತು. ಅವನೂ ಕಂಬಕ್ಕೇ ಹೇಳಿದ: "ಕಂಬಪ್ಪಾ, ಬರಿಗಾಲಿಲೆ ಓಡಿಹೋದೋರು ಮೊದಲ ಕಾಲು ತೊಳಕೊಳ್ಳಲಿ ಅನ್ನು."

"ಕಂಬಪ್ಪಾ, ಮಂದಿ ಚಪ್ಪಲಿ ಮೆಟ್ಟೋರು ನನಗ ಶಾಣ್ಯಾತನ ಕಲಸೋದು ಬ್ಯಾಡ ಅನ್ನು!"

ದನಿ ಏರಿತು. ಕಂಬಕ್ಕೆ ಎರಡೂ ಕಡೆಯಿಂದ ಬೈಗುಳ ಬಿತ್ತು. ಅಜ್ಜಿ ತಡವರಿಸುತ್ತ ಬಂದು ಆ ಗಡ್ಡವನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. "ನನ್ನ ಮಗಾನ! ಈ ಹಟ ಬ್ಯಾರೇರಿಗೆ ಎಲ್ಲಿಂದ ಬರಬೇಕು?" ಎಂದು ಅತ್ತಳು, ನಕ್ಕಳು, ಮತ್ತೆ ಅತ್ತಳು. ಇಂಥ ಮನೆತನವನ್ನು ಯಾವ ಸಿನಿಮಾದವನು ತೋರಿಸಿಯಾನು ಹೇಳಿ!

ಕಾಕಾ ನೀರು ಕುಡಿದು ನನ್ನತ್ತ ನೋಡಿದ. "ಯವ್ವಾ, ತಾಯಿತ ಕೇಳಿದ ಈ ಹುಡುಗ ಯಾರು?"

"ನಿಮ್ಮಣ್ಣನ ಮಗ."

"ಇಷ್ಟು ಜಗಳಾದ್ರೂ ಪಿಟ್ಟಂದಿಲ್ಲಲ್ಲ? ಖರೇನ ನಮ್ಮಾವನ ಹೌದಾ?"

ಎಲ್ಲರೂ ನನ್ನ ಮುಖ ನೋಡಿದರು. ಹುಟ್ಟಿದಾಗಿನಿಂದ ನನ್ನನ್ನು ಸಾಕಿದ ಅಜ್ಜಿಯೂ "ಹಂಗಂತೀಯಾ?" ಎಂದುಬಿಟ್ಟಳು. ನನ್ನ ಮೈಯೆಲ್ಲ ಉರಿಯಿತು. "ಇನ್ನ ಈ ಮನ್ಯಾಗ ನಾ ಒಂದು ಅಗಳು ಉಣ್ಣಂಗಿಲ್ಲ!" ಎಂದು ಒದರಿ, ಬಾಗಿಲು ದಡಾರನೆ ಹಾಕಿ ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತೆ.

ಒಳಗೆ ಅಪ್ಪನೂ ಕಾಕಾನೂ ಒಟ್ಟಿಗೇ ನಕ್ಕರು. "ನಮ್ಮಾವನ ಬಿಡು, ಅನುಮಾನ ಇಲ್ಲ" ಎಂದಳು ಅಜ್ಜಿ. ನನಗೆ ಹೆಮ್ಮೆಯೋ ಹೆಮ್ಮೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು, ಆಮೇಲೆ ಅದೂ ನಿಂತಿತು. ನನ್ನನ್ನು ಕರೆಯಲು ಮಾತ್ರ ಯಾರೂ ಬರಲಿಲ್ಲ.