ವಿಕ್ಟೋರಿಯಾ ರಾಣಿಗೆ ಅಂಟುವಾಳದ ಸ್ನಾನ

ನಮ್ಮ ಮನೆಯಲ್ಲಿ ಒಬ್ಬರು ಡಿಗ್ರಿ ಮಾಡುವುದೆಂದರೆ ಆಗದ ಮಾತು ಎಂದು ಮೊದಲು ಹೇಳಿದವರು ನನ್ನ ಸೋದರಮಾವ ದೂಮಪ್ಪ ಮಾವ. ಅವರು ಕೆಟ್ಟವರೇನಲ್ಲ. ನಮ್ಮ ವಂಶದ ಬಗ್ಗೆ ಅವರಿಗೊಂದು ವೈಜ್ಞಾನಿಕ ಅಭಿಪ್ರಾಯವಿತ್ತು, ಅಷ್ಟೆ. “ನಮ್ಮ ರಕ್ತದಲ್ಲಿ ವಿದ್ಯೆ ಎಸ್ಸೆಸ್ಸೆಲ್ಸಿಯವರೆಗೆ ಮಾತ್ರ ಉಂಟು. ಅದರಿಂದ ಆಚೆ ಹೋದ್ರೆ ಮೈಗೆ ಆಗುದಿಲ್ಲ,” ಎಂದು ಅವರು ಜಗಲಿಯಲ್ಲಿ ಕುಳಿತು ನನ್ನ ಅಮ್ಮನಿಗೆ ಹೇಳುತ್ತಿದ್ದರು. ದುರದೃಷ್ಟಕ್ಕೆ ಪಿಯುಸಿ ಪರೀಕ್ಷೆಯ ಹೊತ್ತಿಗೆ ಸರಿಯಾಗಿ ನನಗೆ ಜ್ವರ ಬಂತು. ಮಾವ ಮೂಸಂಬಿ ಹಿಡಿದುಕೊಂಡು ನೋಡಲು ಬಂದರು. ಅವರ ಮುಖದಲ್ಲಿ ಕಾಳಜಿಯೂ ಇತ್ತು, ತನ್ನ ಸಿದ್ಧಾಂತ ಸಾಬೀತಾದ ವಿಜ್ಞಾನಿಯ ತೃಪ್ತಿಯೂ ಇತ್ತು. ಆ ಮೂಸಂಬಿಯ ಸಿಟ್ಟಿನಲ್ಲೇ ನಾನು ಮುಂದೆ ಬಿ.ಎ. ಮಾಡಿದೆನೇನೋ. ಹಗಲು ಫ್ಯಾನ್ಸಿ ಸ್ಟೋರಿನಲ್ಲಿ ಬಿಂದಿ, ಕ್ಲಿಪ್ಪು, ರಿಬ್ಬನ್ನು ಮಾರುವುದು. ಗಿರಾಕಿ ಇಲ್ಲದಾಗ ಕೌಂಟರಿನ ಕೆಳಗೆ ಬಚ್ಚಿಟ್ಟ ಅಂಚೆ ಶಿಕ್ಷಣದ ಪಾಠ ತೆಗೆಯುವುದು. ಸಂಜೆ ಅಮ್ಮ ಬೀಡಿ ಕಟ್ಟುತ್ತಿದ್ದಳು, ನಾನು ಎದುರು ಕುಳಿತು ಇತಿಹಾಸವನ್ನು ಗಟ್ಟಿಯಾಗಿ ಓದುತ್ತಿದ್ದೆ. ಮಧ್ಯೆ ನಿಲ್ಲಿಸಿದರೆ ಅವಳು ಎಲೆ ಕತ್ತರಿಸುವುದನ್ನು ಬಿಟ್ಟು, “ಆ ಅಪ್ಪನನ್ನೇ ಜೈಲಿಗೆ ಹಾಕಿದವನಿಗೆ ಮತ್ತೆ ಎಂತ ಆಯ್ತು?” ಎಂದು ಕೇಳುತ್ತಿದ್ದಳು. ಪರೀಕ್ಷೆಗೆ ಅವಳೂ ಕುಳಿತಿದ್ದರೆ ನನಗಿಂತ ಒಳ್ಳೆಯ ಅಂಕ ತೆಗೆಯುತ್ತಿದ್ದಳು ಎಂಬ ಅನುಮಾನ ನನಗೆ ಈಗಲೂ ಇದೆ.

ಇಷ್ಟು ಕಷ್ಟಪಟ್ಟು ಗಳಿಸಿದ ಎರಡು ಅಕ್ಷರಗಳನ್ನು ಸುಮ್ಮನೆ ಪೆಟ್ಟಿಗೆಯಲ್ಲಿಡಲು ಮನಸ್ಸು ಬರುತ್ತದೆಯೇ? ಮದುವೆಯಾಗಿ ಮಸ್ಕತ್ತಿಗೆ ಬಂದ ಮೇಲೆ ನಾನು ಎಲ್ಲಿ ಹೆಸರು ಬರೆದರೂ ಪಕ್ಕದಲ್ಲಿ ಬಿ.ಎ. ಎಂದು ಸೇರಿಸತೊಡಗಿದೆ. ಲಾಂಡ್ರಿ ಚೀಟಿಯಲ್ಲಿ, ಕುಡಿಯುವ ನೀರಿನ ಕ್ಯಾನಿನವನ ರಸೀದಿಯಲ್ಲಿ, ಮಗಳ ಶಾಲೆಯ ಪಿಕ್‌ನಿಕ್ಕಿನ ಒಪ್ಪಿಗೆ ಪತ್ರದಲ್ಲಿ. “ಅಮ್ಮಾ, ನೋಬಡಿ ಡಸ್ ದಟ್,” ಎಂದು ಮಗಳು ಇಂಗ್ಲಿಷಿನಲ್ಲಿ ನಾಚಿಕೊಂಡಳು. ಯಾರೂ ಮಾಡುವುದಿಲ್ಲವೆಂದೇ ನಾನು ಮಾಡುವುದು ಎಂದು ಅವಳಿಗೆ ಹೇಗೆ ತಿಳಿಸಲಿ? ಮನೆಯಲ್ಲಿ ಅಜ್ಜನ ಕಾಲದಿಂದ ಡಿಗ್ರಿ ಇದ್ದವರಿಗೆ ಅದು ಮೂಗಿನಂತೆ, ಇದೆಯೆಂಬುದೇ ನೆನಪಿರುವುದಿಲ್ಲ. ನನಗಾದರೆ ಅದು ಹೊಸ ಮೂಗುಬೊಟ್ಟು. ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳಬೇಕು.

ಆ ಬಿ.ಎ.ಯೇ ಕೊನೆಗೆ ಕೆಲಸಕ್ಕೂ ಬಂತು. ಮಸ್ಕತ್ತಿನ ಖುರುಮ್ ಪೇಟೆಯ ಒಂದು ಚಿನ್ನದಂಗಡಿಯಲ್ಲಿ ನಾನು ಬಳೆಯ ಕೌಂಟರಿನಲ್ಲಿದ್ದೆ. ಗಿರಾಕಿಗಳ ಕೈಗೆ ಬಳೆ ಏರಿಸುವುದು, ಏರದಿದ್ದರೆ ಸೋಪು ಹಚ್ಚುವುದು, ಇಳಿಯದಿದ್ದರೆ ಸಮಾಧಾನ ಹೇಳುವುದು. ರತ್ನಪರೀಕ್ಷೆಯ ಡಿಪ್ಲೊಮಾಕ್ಕೆ ಪದವೀಧರರು ಬೇಕೆಂದಾಗ ಅಂಗಡಿಯಲ್ಲಿ ಸಿಕ್ಕಿದವಳು ನಾನೊಬ್ಬಳೇ. ಕಲಿತು ಪಾಸೂ ಆದೆ. ಆದರೆ ನಮ್ಮ ಗುಜರಾತಿ ಸೇಠರು ಮುಗುಳ್ನಕ್ಕು ಬಳೆಯ ಕೌಂಟರಿಗೇ ಮರಳಿ ಕಳಿಸಿದರು. “ಒಂದು ಒಡವೆ ಪರೀಕ್ಷಿಸಿ, ಅದರ ಸರ್ಟಿಫಿಕೇಟ್ ನೀನೇ ಬರೆದು, ನೀನೇ ಸಹಿ ಮಾಡಿ ತೋರಿಸು. ಅದು ಸರಿ ಇದ್ದರೆ ಪರೀಕ್ಷೆಯ ಮೇಜು ನಿನ್ನದು. ತಪ್ಪಿದರೆ ಸೋಪು ಅಲ್ಲೇ ಇದೆ,” ಎಂದರು.

ಹಾಗೆ ಕಾಯುತ್ತಿದ್ದಾಗ ನನ್ನ ಕೈಗೆ ಬಂದದ್ದು ವಿಕ್ಟೋರಿಯಾ ರಾಣಿಯ ಕಾಲದ ಒಂದು ಒಡವೆ ಸೆಟ್ಟು. ನಾವಿರುವ ಕಟ್ಟಡದ ಒಡತಿ, ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಜುವೈನಾ ಖಾಲಾ ಕೆಳಗಿನ ಮನೆಯಲ್ಲಿದ್ದಾರೆ. ಅವರ ಹಿರಿಯರು ಜಂಜಿಬಾರಿನಲ್ಲಿ ಲವಂಗದ ವ್ಯಾಪಾರ ಮಾಡುತ್ತಿದ್ದವರು. ಊರಿಗೆ ಹೊರಟ ಒಬ್ಬ ಇಂಗ್ಲಿಷ್ ದೊರೆಸಾನಿಯಿಂದ ಅವರ ಅಜ್ಜ ಕೊಂಡ ಒಡವೆಗಳಂತೆ. ಕೆಂಪು ಚರ್ಮದ ಪೆಟ್ಟಿಗೆ, ಒಳಗೆ ಮಾಸಿದ ನೀಲಿ ವೆಲ್ವೆಟ್ಟು, ಅದರಲ್ಲಿ ನೆಕ್ಲೇಸು, ಓಲೆ, ಬ್ರೋಚುಗಳಿಗೆ ಅವುಗಳದೇ ಆಕಾರದ ಗುಳಿಗಳು. ಚಿನ್ನ ಹಿಂಬದಿಗೆ, ವಜ್ರ ಕೂರಿಸಿದ ಮುಂಬದಿ ಬೆಳ್ಳಿ. ಆ ಕಾಲದ ವಜ್ರಗಳನ್ನು ಕೈಯಲ್ಲೇ ಸಾಣೆ ಹಿಡಿಯುತ್ತಿದ್ದುದರಿಂದ ಒಂದರಂತೆ ಒಂದಿಲ್ಲ; ಈಗಿನ ಹರಳುಗಳ ಹಾಗೆ ಕಣ್ಣು ಕುಕ್ಕುವುದಿಲ್ಲ. ಮೇಣದ ಬತ್ತಿಯ ಬೆಳಕಿಗೆಂದು ಹುಟ್ಟಿದ ಕಲ್ಲುಗಳು ಅವು, ನಮ್ಮ ಟ್ಯೂಬ್‌ಲೈಟಿನ ಕೆಳಗೆ ನಿದ್ದೆಗಣ್ಣಿನಲ್ಲಿ ನೋಡುತ್ತವೆ.

ನಿಜ ಹೇಳಬೇಕೆಂದರೆ, ಮೊದಲ ಸಲ ಆ ಪೆಟ್ಟಿಗೆ ತೆರೆದಾಗ ನನಗೆ ಇಂಗ್ಲೆಂಡು ನೆನಪಾಗಲಿಲ್ಲ. ನಮ್ಮ ಕೇರಿಯ ಕಲ್ಯಾಣಿ ಅಕ್ಕನ ಕಲ್ಲಿನ ಸರ ನೆನಪಾಯಿತು. ಇಡೀ ಕೇರಿಗೆ ಇದ್ದದ್ದು ಅದೊಂದೇ. ಯಾರ ಮನೆಯ ಮದುವೆಯಾದರೂ ಮದುಮಗಳ ಕೊರಳಿಗೆ ಅದೇ ಸರ. ನನ್ನ ಚಿಕ್ಕಮ್ಮನ ಮದುವೆಯ ಫೋಟೋದಲ್ಲಿ ಅದು, ಪಕ್ಕದ ಮನೆಯ ಲಲಿತೆಯ ಫೋಟೋದಲ್ಲಿ ಅದು, ನನ್ನ ಫೋಟೋದಲ್ಲೂ ಅದು. ಹೊರಗಿನವರು ನಮ್ಮ ಆಲ್ಬಮ್ಮುಗಳನ್ನು ಒಟ್ಟಿಗೆ ನೋಡಿದರೆ ಒಂದೇ ಸರಕ್ಕೆ ಬೇರೆ ಬೇರೆ ಹುಡುಗಿಯರನ್ನು ಮದುವೆ ಮಾಡಿಕೊಟ್ಟಿದ್ದಾರೆ ಎಂದುಕೊಳ್ಳಬೇಕು. ಈಗ ಎಲ್ಲರ ಬಳಿಯೂ ಅವರವರ ಸರ ಇದೆ, ಲಾಕರಿನಲ್ಲಿದೆ. ಹಿಂದಿನ ದಿನ ಸಂಜೆ ಸರ ತರಲು ಹೋಗುವುದು, ಕಲ್ಯಾಣಿ ಅಕ್ಕ ತಾನೇ ಕೊರಳಿಗಿಟ್ಟು ನೋಡಿ “ಇವಳಿಗೆ ಚೆಂದ ಕಾಣ್ತದೆ” ಎಂದು ಎಲ್ಲರಿಗೂ ಹೇಳುವುದು, ಅದೆಲ್ಲ ಮಾತ್ರ ಯಾವ ಲಾಕರಿನಲ್ಲೂ ಇಲ್ಲ.

ಖಾಲಾಗೆ ಈ ಸೆಟ್ಟನ್ನು ಮೊಮ್ಮಗಳು ಮರಿಯಮಳ ಮದುವೆಗೆ ಕೊಡಬೇಕೆಂಬ ಆಸೆ. ಆದರೆ ಗಂಡಿನ ಕಡೆಯ ಒಬ್ಬ ಅತ್ತೆ ಪೆಟ್ಟಿಗೆ ನೋಡಿ, “ಗಾಜಿನ ಹಾಗಿದೆ” ಎಂದುಬಿಟ್ಟರಂತೆ. ಅಂದಿನಿಂದ ಹುಡುಗಿಗೂ ಸಂಶಯ. ಖಾಲಾ ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ನನ್ನೊಡನೆ ಗಟ್ಟಿಯಾಗಿ ಹೇಳಿದರು: “ಬಿಂತಿ, ಇದು ನನ್ನ ಅಜ್ಜಿಯ ಮರ್ಯಾದೆ. ನೀನು ನೋಡು. ನಿಜವಾದರೆ ನಿಜ ಎಂದು ಬರೆ, ಸುಳ್ಳಾದರೆ ಸುಳ್ಳೆಂದು ಬರೆ. ಖಲಾಸ್.” ಬಿಂತಿ ಎಂದರೆ ಮಗಳೇ ಎಂದು. ಹೀಗೆ ಒಂದೇ ಪೆಟ್ಟಿಗೆಯಲ್ಲಿ ಅವರ ಅಜ್ಜಿಯ ಮರ್ಯಾದೆಯೂ ನನ್ನ ಮೇಜೂ ಒಟ್ಟಿಗೆ ಕುಳಿತವು. ಶನಿವಾರ ಅಂಗಡಿಗೆ ಒಯ್ಯುವುದೆಂದು ಮಾತಾಯಿತು.

ಆಗ ನನ್ನ ಅಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಬರುವಾಗ ಹಪ್ಪಳ, ಕುಚ್ಚಲಕ್ಕಿಗಳ ಜತೆಗೆ ಒಂದು ಚೀಲ ಅಂಟುವಾಳಕಾಯಿಯನ್ನೂ ತಂದಿದ್ದಳು. ಏರ್‌ಪೋರ್ಟಿನಲ್ಲಿ ಅಧಿಕಾರಿ ಒಂದು ಕಾಯಿ ಎತ್ತಿ, ಮೂಸಿ, ಏನಿದು ಎಂದು ಕೈಯಲ್ಲೇ ಕೇಳಿದನಂತೆ. ಅಮ್ಮ ಅದನ್ನು ತನ್ನ ಬಳೆಗೆ ಉಜ್ಜಿ, ಬಳೆಯನ್ನು ಅವನ ಮೂಗಿನ ಹತ್ತಿರ ಹಿಡಿದು, “ನೋಡು, ಫಳಫಳ!” ಎಂದಳಂತೆ, ತುಳುವಿನಲ್ಲಿ. ಅವನು ನಕ್ಕು ಬಿಟ್ಟುಬಿಟ್ಟ. ಅದರಿಂದ ಈ ದೇಶದಲ್ಲಿ ತುಳು ನಡೆಯುತ್ತದೆ ಎಂದು ಅಮ್ಮನಿಗೆ ಧೈರ್ಯ ಬಂತು. ಖಾಲಾನ ಜತೆಗೂ ಅವಳ ಸಂಭಾಷಣೆ ತುಳುವಿನಲ್ಲೇ. ಖಾಲಾ ಹಿಂದಿ, ಅರಬಿ, ಸ್ವಾಹಿಲಿ ಬೆರೆಸಿ ಉತ್ತರ ಕೊಡುತ್ತಿದ್ದರು. ಇಬ್ಬರೂ ಕಾಲು ಚಾಚಿ ಕುಳಿತು ಅರಬಿ ಕಾಫಿ ಕಹ್ವಾ ಕುಡಿಯುತ್ತ ಮಂಡಿನೋವಿನಿಂದ ಸೊಸೆಯಂದಿರವರೆಗೆ ಎಲ್ಲವನ್ನೂ ಮಾತಾಡಿ ಮುಗಿಸುತ್ತಿದ್ದರು. ನಾನು ಅನುವಾದ ಮಾಡಲು ಹೋದರೆ ಇಬ್ಬರಿಗೂ ಕಿರಿಕಿರಿ.

ಶುಕ್ರವಾರ ಅಂಗಡಿಯಲ್ಲಿ ಸಂಜೆ ಪಾಳಿ ಮುಗಿಸಿ ಮನೆಗೆ ಬಂದೆ. ಅಡುಗೆಮನೆಯಲ್ಲಿ ಅಮ್ಮ ಹಾಡಿಕೊಳ್ಳುತ್ತಿದ್ದಳು. ಸ್ಟೀಲಿನ ಬೋಗುಣಿಯಲ್ಲಿ ನೊರೆ ಉಕ್ಕಿತ್ತು. ಬೀಡಿ ಕಟ್ಟಿ ಪಳಗಿದ ಆ ಬೆರಳುಗಳು ನೊರೆಯೊಳಗಿನಿಂದ ಏನೋ ಎತ್ತಿ ಬ್ರಷ್ಷಿನಿಂದ ಉಜ್ಜುತ್ತಿದ್ದವು. ಹತ್ತಿರ ಹೋಗಿ ನೋಡಿದರೆ ವಿಕ್ಟೋರಿಯಾ ರಾಣಿಯ ಕಾಲದ ಓಲೆ! ಖಾಲಾ ಒಂದು ದಿನ ಮೊದಲೇ ಪೆಟ್ಟಿಗೆ ತಂದು ಅಮ್ಮನ ಕೈಗೆ ಕೊಟ್ಟು ಹೋಗಿದ್ದರು.

“ಅಮ್ಮಾ! ಎಂತ ಮಾಡಿದ್ದು ನೀನು?”

“ಎಂತ ಮಾಡುದು? ಕಪ್ಪು ಹಿಡಿದಿತ್ತು, ತೊಳೆದೆ. ಬೇರೆಯವರ ಚಿನ್ನ ಮನೆಗೆ ಬಂದ್ರೆ ತೊಳೆಯದೆ ವಾಪಸು ಕೊಡ್ಲಿಕ್ಕೆ ಉಂಟಾ? ಕಲ್ಯಾಣಿಯ ಸರವನ್ನು ಯಾರಾದ್ರೂ ಹಾಗೇ ಕೊಟ್ಟದ್ದು ನೋಡಿದ್ದೀಯಾ?”

ನೋಡಿರಲಿಲ್ಲ. ನಮ್ಮ ಕಡೆಯ ಕ್ರಮವೇ ಅದು. ಆದರೆ ಕಲ್ಯಾಣಿ ಅಕ್ಕನ ಸರಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಈ ಒಡವೆಗಳ ಹಿಂಬದಿ ಮುಚ್ಚಿರುತ್ತದೆ. ಕಲ್ಲಿನ ಬೆನ್ನಿಗೆ ಕನ್ನಡಿಯ ಹಾಗೆ ಹೊಳೆಯುವ ತೆಳ್ಳನೆಯ ಬೇಗಡೆ ಇಟ್ಟು, ಮೇಲೆ ಚಿನ್ನದ ತಗಡು ಹೊದಿಸಿರುತ್ತಾರೆ. ಸಂದಿನಲ್ಲಿ ನೀರು ಇಳಿಯಿತೋ, ಬೇಗಡೆ ಕಪ್ಪಾಗಿ ಕಲ್ಲಿನ ಕಣ್ಣೇ ಮುಚ್ಚುತ್ತದೆ. ನಮ್ಮ ಡಿಪ್ಲೊಮಾ ಪಾಠದ ಮೊದಲ ವಾರದಲ್ಲೇ ಮೇಷ್ಟರು ಇದನ್ನು ಹೇಳಿ, “ಹಳೆಯ ಸೆಟ್ಟಿಗೆ ನೀರು ತೋರಿಸಬೇಡಿ” ಎಂದು ಎಲ್ಲರಿಂದ ಹೇಳಿಸಿದ್ದರು. ಅದನ್ನೆಲ್ಲ ಒಂದೇ ಉಸಿರಿಗೆ ಅಮ್ಮನಿಗೆ ವಿವರಿಸಿದೆ.

ಅವಳು ಶಾಂತವಾಗಿ ಕೇಳಿ, “ಚಿನ್ನಕ್ಕೆ ನೀರು ತಾಗಬಾರದಾ? ಹಾಗಾದ್ರೆ ಆ ಇಂಗ್ಲಿಷಿನವಳು ಸ್ನಾನ ಮಾಡ್ತಿರ್ಲಿಲ್ವಾ?” ಎಂದಳು.

ಅಷ್ಟರಲ್ಲಿ ಬಚ್ಚಲಿನಿಂದ ನನ್ನ ಗಂಡ ಕೂಗಿದರು: “ನನ್ನ ಬ್ರಷ್ ಯಾರಾದ್ರೂ ನೋಡಿದ್ರಾ?”

ನೆಕ್ಲೇಸು, ಬ್ರೋಚುಗಳು ಇನ್ನೂ ನೀರಿಗೆ ಇಳಿದಿರಲಿಲ್ಲ, ಪುಣ್ಯ. ಓಲೆಗಳನ್ನು ಬಟ್ಟೆಯ ಮೇಲೆ ಬೋರಲಾಗಿಟ್ಟೆ. ಬೆಳಿಗ್ಗೆ ನೋಡಿದರೆ ಒಂದು ಓಲೆಯ ನಡುವಿನ ಕಲ್ಲು ಮೋಡ ಕವಿದ ಹಾಗೆ ಕಪ್ಪಾಗಿತ್ತು. ನಾನು ಮೊದಲು ಕೆಳಗಿಳಿದು ಖಾಲಾಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಮ್ಮನೂ ನನ್ನ ಬೆನ್ನಿಗೇ ಬಂದು ತುಳುವಿನಲ್ಲಿ ಏನೇನೋ ಹೇಳಿದಳು. ಖಾಲಾ ಓಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅಮ್ಮನ ಬೀಡಿ ಕಟ್ಟಿ ಸವೆದ ಬೆರಳುಗಳನ್ನು ಹಿಡಿದುಕೊಂಡು, “ನನ್ನ ಅಮ್ಮ ತೀರಿಕೊಂಡ ಮೇಲೆ ಇದನ್ನು ಯಾರೂ ತೊಳೆದಿರಲಿಲ್ಲ,” ಎಂದರು. ನನ್ನ ಕಡೆ ತಿರುಗಿ, “ನೀನು ಸರಿಮಾಡಿಸು. ಆದರೆ ಅದು ಗಾಜು ಎಂದಾದರೆ ನನ್ನ ಮುಖ ನೋಡಿ ಹೇಳಬೇಕು,” ಎಂದರು.

ಅಂಗಡಿಯಲ್ಲಿ ಸೇಠರು ಓಲೆ ನೋಡಿ ಹಣೆ ಚಚ್ಚಿಕೊಂಡರು. “ಬಿ.ಎ. ಮೇಡಂ, ಇದಕ್ಕೇನು ಸಾಂಬಾರು ಮಾಡಿದಿರಾ?” ನಾನು ನಮ್ಮ ಅಂಗಡಿಯ ಬಂಗಾಳಿ ಕುಶಲಕರ್ಮಿಯನ್ನು ಕರೆಸಿದೆ. ಕಪ್ಪಾದ ಬೇಗಡೆ ಬದಲಿಸಬೇಕಾದರೆ ಹಿಂಬದಿಯ ತಗಡು ಬಿಡಿಸಲೇಬೇಕು. ಹಾಗೆ ಬಿಡಿಸಿದಾಗ, ಮುಚ್ಚಿದ ಒಡವೆಯಲ್ಲಿ ಯಾರಿಗೂ ಕಾಣದ ಕಲ್ಲಿನ ಬೆನ್ನು ನನಗೆ ಕಂಡಿತು. ಆ ಕಾಲದಲ್ಲಿ ಮೇಲೆ ವಜ್ರದ ಚೂರು, ಕೆಳಗೆ ಗಾಜು ಅಂಟಿಸುವ ಮೋಸವೂ ಇತ್ತು. ಮೇಲಿನಿಂದ ವಜ್ರ ಪರೀಕ್ಷಿಸುವ ಯಂತ್ರ ತಾಗಿಸಿದರೆ ಅದೂ ವಜ್ರವೆಂದೇ ಹೇಳುತ್ತದೆ. ಭೂತಗನ್ನಡಿ ಹಿಡಿದು ಕಲ್ಲಿನ ಬದಿಯನ್ನು ಸುತ್ತಲೂ ನೋಡಿದೆ. ಅಂಟಿಸಿದ ಗೆರೆ ಇರಲಿಲ್ಲ. ತುದಿಯಿಂದ ತುದಿಗೆ ಒಂದೇ ಕಲ್ಲು, ಅಪ್ಪಟ ವಜ್ರ. ಖಾಲಾಗೆ ಫೋನ್ ಮಾಡಿ ಒಪ್ಪಿಗೆ ಪಡೆದು, ಉಳಿದವುಗಳ ತಗಡನ್ನೂ ಬಿಡಿಸಿ ಒಂದೊಂದಾಗಿ ನೋಡಿದೆ. ಎಲ್ಲ ಸರಿಯಿತ್ತು, ಬ್ರೋಚಿನ ಅಂಚಿನ ಒಂದು ಪುಟ್ಟ ಕಲ್ಲನ್ನು ಬಿಟ್ಟು. ಅದು ಗಾಜು.

ಬರೆಯಬೇಕೋ ಬಿಡಬೇಕೋ? ಎಳ್ಳುಕಾಳಿನಷ್ಟು ಗಾಜು. ಬಿಟ್ಟರೆ ಖಾಲಾಗೂ ಸಂತೋಷ, ಮರಿಯಮಳಿಗೂ ಸಂತೋಷ. ಆದರೆ ಕೆಳಗೆ ಬಿ.ಎ. ಎಂದು ಬರೆಯುವವಳು ನಾನು. ಲಾಂಡ್ರಿ ಚೀಟಿಯಲ್ಲೂ ಆ ಅಕ್ಷರಗಳ ಮಾನ ಕಾದವಳು ಇಲ್ಲಿ ಹೇಗೆ ಬಿಡಲಿ? ಬರೆದೆ. ಓಲೆಗೆ ನೀರು ತಗಲಿ ಬೇಗಡೆ ಬದಲಿಸಿದ್ದನ್ನೂ ಬರೆದೆ. ಸೇಠರು ಪ್ರತಿ ಸಾಲನ್ನೂ ತಾವೇ ತಾಳೆ ನೋಡಿ, ಪರೀಕ್ಷೆಯ ಮೇಜಿನ ಬೀಗದ ಕೈಯನ್ನು ನನ್ನ ಮುಂದಿಟ್ಟರು.

ಸಂಜೆ ಖಾಲಾನ ಮನೆಯಲ್ಲಿ ಹಲ್ವಾ, ಕಹ್ವಾ, ನೆಂಟರಿಷ್ಟರು. ಗಾಜು ಎಂದ ಆ ಅತ್ತೆಯೂ ಇದ್ದರು. ನಾನು ಇಸ್ತ್ರಿ ಮಾಡಿದ ಸೀರೆಯುಟ್ಟು ನಿಂತು ಸರ್ಟಿಫಿಕೇಟನ್ನು ಘಟಿಕೋತ್ಸವದ ಭಾಷಣದಂತೆ ಓದಿದೆ. ಗಾಜಿನ ಸಾಲು ಬಂದಾಗ ಹೇಳಿದ ಮಾತಿನಂತೆ ಖಾಲಾನ ಮುಖವನ್ನೇ ನೋಡಿ ಓದಿದೆ. ಅವರು ಜೋರಾಗಿ ನಕ್ಕುಬಿಟ್ಟರು. “ಜಂಜಿಬಾರ್ ಬಿಟ್ಟು ಇಲ್ಲಿಗೆ ಬರುವಾಗ ಹಡಗಿನಲ್ಲಿ ಆ ಕಲ್ಲು ಉದುರಿತ್ತು. ನನ್ನ ಅಮ್ಮ ಗಾಜು ಕೂರಿಸಿದ್ದಳು. ನೀನು ಅದನ್ನು ಹಿಡಿಯದಿದ್ದರೆ ಉಳಿದದ್ದನ್ನು ನಾನು ಹೇಗೆ ನಂಬುತ್ತಿದ್ದೆ, ಬಿಂತಿ?” ಎಂದು ಹೇಳಿ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅದು ಅವರ ಕೈಯಿಂದ ಮರಿಯಮಳ ಕೈಗೆ, ಅಲ್ಲಿಂದ ಆ ಅತ್ತೆಯ ಕೈಗೆ ಹೋಗಿ, ಕೊನೆಗೆ ನನ್ನ ಅಮ್ಮನ ಮಡಿಲಿಗೆ ಬಂತು.

ಅಮ್ಮನಿಗೆ ಓದಲು ಬರುವುದಿಲ್ಲ. ಅಕ್ಷರಗಳ ಮೇಲೆ ಬೆರಳಾಡಿಸುತ್ತ, “ನಿನ್ನ ಹೆಸರು ಎಲ್ಲುಂಟು?” ಎಂದು ಕೇಳಿದಳು. ತೋರಿಸಿದೆ. “ಇದು ಬಿ.ಎ.ಯಾ?” ಹೌದೆಂದೆ. ಅವಳು ಅದನ್ನು ಸೆರಗಿನಿಂದ ಒರೆಸಿದಳು; ಕಣ್ಣು ತುಂಬಿತ್ತು. ಈಗ ಹೊಗಳುತ್ತಾಳೆ ಎಂದು ನಾನು ಸೀರೆಯ ನೆರಿಗೆ ಸರಿಮಾಡಿಕೊಂಡು ನಿಂತೆ. ಅಮ್ಮ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ನೋಡಿ ಹೇಳಿದಳು:

“ಎಲ್ಲ ಸರಿ ಮಗಾ. ಆದ್ರೆ ತೊಳೆದದ್ದು ಯಾರು ಅಂತ ಎಲ್ಲಿಯೂ ಬರೀಲೇ ಇಲ್ವಲ್ಲ?”