ನಾಗಭೂಷಣನ ವಜ್ರದ ಶೂಟಿಂಗ್

ಗಡಿಯಾಚೆ ಮದ್ದಿಕೇರ ಎಂಬ ಊರಿನ ವಜ್ರದ ಬೇಟೆಯವರಲ್ಲಿ ಟೀವಿಯವರಿಗೆ ಮುಖ ತೋರಿಸಲು ಒಪ್ಪಿದವನು ನಾಗಭೂಷಣ ಒಬ್ಬನೇ. ಅವನ ಗ್ರಹಚಾರ ಶುರುವಾದದ್ದೂ ಅಲ್ಲಿಂದಲೇ.

ಮುಂಗಾರಿನ ಮಳೆ ಹೊಲದ ಮಣ್ಣು ತೊಳೆದರೆ ಸಾಕು, ಆ ಕಡೆಯ ಜನ ಕೆಲಸಬೊಗಸೆ ಬಿಟ್ಟು, ಸೊಂಟ ಬಗ್ಗಿಸಿ ವಜ್ರ ಹುಡುಕುತ್ತಾರೆ. ಆದರೆ ಸಿಕ್ಕವನು ಸಿಕ್ಕಿತು ಎನ್ನುವುದಿಲ್ಲ. ಕೇಳಿದವರಿಗೆ 'ಬರೇ ಗಾಜು' ಎಂದು ಹೇಳಿ, ಮುಖ ಸಪ್ಪಗೆ ಮಾಡಿಕೊಂಡು ಮನೆಯ ದಾರಿ ಹಿಡಿಯುತ್ತಾನೆ. ಹಾಗಾಗಿ ಸಾಕ್ಷ್ಯಚಿತ್ರದವರು ಹೈದರಾಬಾದಿನಿಂದ ಬಂದು 'ಯಾರಾದರೂ ಮಾತಾಡ್ರಿ' ಎಂದಾಗ, ಸಿಕ್ಕವರು ಹೆದರಿ ಟವೆಲಿನಿಂದ ಮುಖ ಮುಚ್ಚಿಕೊಂಡರು. ಸಿಗದವರು ನಾಚಿ ಮುಚ್ಚಿಕೊಂಡರು.

ನಾಗಭೂಷಣನಿಗೆ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಮೀಸೆ ಚಿಗುರಿದಾಗ ಶುರುಮಾಡಿದ ಬೇಟೆ ತಲೆ ನರೆತರೂ ಮುಗಿದಿರಲಿಲ್ಲ. ಮಳೆ ಬಂದರೆ ಪಂಚರ್ ಅಂಗಡಿಗೆ ಬೀಗ. ಹೆಂಡತಿ ಭಾಗ್ಯ ಬೈಯುವುದನ್ನೂ ಬಿಟ್ಟಿದ್ದಳು. ಬೈಗುಳಕ್ಕಿಂತ ಅದೇ ಅವನಿಗೆ ಹೆಚ್ಚು ನೋಯುತ್ತಿತ್ತು. ಪಂಚಾಕ್ಷರಯ್ಯನವರು ತಮ್ಮ ಹೊಲದಲ್ಲಿ ಹುಡುಕಲು ಬಿಡುತ್ತಿದ್ದರಲ್ಲ, ಅದೊಂದೇ ಆಸರೆ. ಆ ಹೊಲದಲ್ಲಿ ತನ್ನ ಹೆಸರಿನ ಕಲ್ಲೊಂದು ಇದೆಯೆಂದು ಅವನು ನಂಬಿದ್ದ. ಆ ನಂಬಿಕೆಯನ್ನೂ ಕಿತ್ತುಕೊಂಡರೆ ಅವನಲ್ಲಿ ಉಳಿಯುವುದು ಪಂಚರ್ ಹಾಕುವ ಸಲ್ಯೂಷನ್ ಮಾತ್ರ.

ಶೂಟಿಂಗಿನ ದಿನ ಬೆಳಿಗ್ಗೆ ಆ ಹೊಲದಲ್ಲಿ ಟೀವಿಯ ಅಮೂಲ್ಯ ಅವನ ಕೈಗೊಂದು ಗಾಜಿನ ಚೂರು ಕೊಟ್ಟಳು. ಬಳ್ಳಾರಿಯ ಹುಡುಗಿ, ಮಾತು ನಮ್ಮ ಕನ್ನಡವೇ.

"ಇದನ್ನ ಕೆಸರಾಗ ಒಗೀರಿ, ಆಮ್ಯಾಲೆ ಹುಡುಕ್ರಿ. ಸಿಕ್ಕ ಕೂಡ್ಲೆ ಕೂಗಿ ಕುಣೀರಿ."

"ಸಿಕ್ಕೋರು ಕೂಗಾಂಗಿಲ್ರಿ ಮೇಡಂ."

"ನೋಡೋರಿಗೆ ತಿಳೀಬೇಕಲ್ರಿ!"

ನಾಗಭೂಷಣ ಎಸೆದ. ಗಾಜು ಕೆಸರಿನಲ್ಲಿ ಕಾಣೆಯಾಯಿತು. ತಡಕಾಡಿದ, ಸಿಗಲಿಲ್ಲ. ಜೀವಮಾನವೆಲ್ಲ ಹುಡುಕಿದವನಿಗೆ ತಾನೇ ಎಸೆದದ್ದೂ ಸಿಗದೆ ಹೋಯಿತಲ್ಲ ಎಂದು ಅಳುವೇ ಬಂತು. "ಲಗೂ ಮಾಡ್ರಿ, ಮೋಡ ಆಗಾಕತ್ತೈತಿ!" ಎಂದಳು ಅಮೂಲ್ಯ. ಅಷ್ಟರಲ್ಲಿ ಒಂದು ಮೊಳ ದೂರದಲ್ಲಿ ಏನೋ ಮಿನುಗಿತು. ಹೆಕ್ಕಿಕೊಂಡವನೇ "ಸಿಕ್ತೂ! ದೊರಿಕಿಂದೀ!" ಎಂದು ಕನ್ನಡ ತೆಲುಗು ಎರಡರಲ್ಲೂ ಕೂಗಿ, ಕೋಳಿಯಂತೆ ಕುಪ್ಪಳಿಸಿದ.

ಹೊಲದಲ್ಲಿ ಬಗ್ಗಿದ್ದ ಸೊಂಟಗಳೆಲ್ಲ ಒಟ್ಟಿಗೆ ನೆಟ್ಟಗಾದವು. ಮೊದಲು ಓಡಿಬಂದವನು ಪಕ್ಕದ ಮನೆಯ ಬಜಾರಪ್ಪ.

"ತೋರ್ಸಲೇ!"

"ಬರೇ ಗಾಜಪ್ಪ, ಶೂಟಿಂಗಿಂದು."

ಅನುಮಾನವಿದ್ದವರಿಗೂ ಆಗ ಖಾತ್ರಿಯಾಯಿತು. ಒಬ್ಬ ನಾಗಭೂಷಣನ ಅಂಗಿಯ ಜೇಬು ಹರಿದ. ಇನ್ನೂ ಒಂದನ್ನು ನುಂಗಿರಬಹುದೆಂದು ಬಜಾರಪ್ಪ ಅವನ ಬಾಯಿ ಅಗಲಿಸಿ, ಎತ್ತು ಕೊಳ್ಳುವವನಂತೆ ಹಲ್ಲು ನೋಡಿದ. "ಅದು ನಮ್ದೇ ಗಾಜು ರೀ!" ಎಂದು ಅಮೂಲ್ಯ ನಡುವೆ ಬಂದಳು.

"ನೋಡ್ರಪಾ, ಆಗ್ಲೇ ಪಾಲು ಮಾತಾಡ್ಕೊಂಡಾರ!" ಎಂದು ಬಜಾರಪ್ಪ ಊರಿಗೇ ಸಾರಿದ.

ಗದ್ದಲ ಕೇಳಿ ಹೊಲದ ಯಜಮಾನ ಪಂಚಾಕ್ಷರಯ್ಯ ಜೀಪಿನಲ್ಲಿ ಬಂದಿಳಿದರು.

"ನನ್ನ ಹೊಲದ ಕಲ್ಲು, ಇತ್ತ ಕೊಡು. ಇಲ್ಲಾಂದ್ರ ಇವತ್ತಿಂದ ಇಲ್ಲಿ ಕಾಲಿಡಬ್ಯಾಡ."

"ಅಯ್ಯಾರ, ನಿಜಂಗಾ ಗಾಜೇರಿ! ಉರುಕುಂದ ಈರಣ್ಣನ ಆಣಿ!"

"ಎಲ್ಲಾರೂ ಹಂಗ ಅಂತಾರ."

ಬೇರೆಲ್ಲ ಹೋದರೂ ಹೋಗಲಿ, ಹೊಲ ಕೈತಪ್ಪಬಾರದು. ನಾಗಭೂಷಣ ಎರಡೂ ಕೈಯಿಂದ ಕೊಟ್ಟುಬಿಟ್ಟ. ಪಂಚಾಕ್ಷರಯ್ಯ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಧೋತರದ ತುದಿಗೆ ಗಂಟು ಹಾಕಿಕೊಂಡರು.

"ಸಾಯೋ ತನಕ ಬಂದು ಹುಡುಕೋ ನಾಗಭೂಷಣ. ನಿನ್ನ ಯಾರೂ ತಡಿಯಾಂಗಿಲ್ಲ" ಎಂದರು. ಒಂದು ಗಾಜಿನ ಚೂರಿಗೆ ಜೀವಮಾನದ ಪರವಾನಗಿ! ನಾಗಭೂಷಣನ ಕಣ್ಣು ಒದ್ದೆಯಾಯಿತು.

ಸಂಜೆ ಟೀವಿಯವರು ಸಾಮಾನು ಕಟ್ಟುತ್ತಿದ್ದಾಗ ಬಜಾರಪ್ಪ ಸುದ್ದಿ ಹೊತ್ತು ಬಂದ.

"ಅಯ್ಯಾರು ಪತ್ತಿಕೊಂಡಕ್ಕ ಹೋಗಿದ್ರಂತ. ವಜ್ರದ ವ್ಯಾಪಾರಿ ಅವರ್ನ ಒಳಗ ಕರಕೊಂಡು ಬಾಗಲಾ ಹಾಕ್ಯಾನಂತ. ಎಷ್ಟೋ ಹೊತ್ತಿನ ಮ್ಯಾಲೆ ಹೊರಗ ಬಂದು, ಬರೇ ಗಾಜು ಅಂದ್ರಂತ."

"ಮತ್ತ ನಾ ಏನ್ ಬಡ್ಕೊಂಡೆ?" ಎಂದು ನಾಗಭೂಷಣ ಅಂದು ಮೊದಲ ಸಲ ಮನಸಾರೆ ನಕ್ಕ.

ಕ್ಯಾಮೆರಾ ಸ್ಟ್ಯಾಂಡಿನ ಕಾಲಿಗೆ ಮೆತ್ತಿದ್ದ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಿದ್ದ ಅಮೂಲ್ಯ ಅಷ್ಟರಲ್ಲಿ ಏನನ್ನೋ ಎತ್ತಿ ಹಿಡಿದಳು. "ಅಯ್ಯ, ನಮ್ಮ ಗಾಜು ಇಲ್ಲೇ ಐತಲ್ರಿ! ಹಂಗಾರ ನಿಮಗ ಸಿಕ್ಕಿದ್ದು ಏನದು?"

ನಾಗಭೂಷಣನ ನಗು ಅಲ್ಲೇ ನಿಂತಿತು. "ಮೇಡಂ, ಬೆಳಿಗ್ಗೆ ತೆಗೆದದ್ದನ್ನ ಒಂದ್ಸಲ ತೋರಿಸ್ರಿ" ಎಂದ. ಕ್ಯಾಮೆರಾದ ಸಣ್ಣ ಪರದೆಯ ಮೇಲೆ ಅವನ ಎರಡು ಬೆರಳ ನಡುವೆ ಆ ಕಲ್ಲು ಬೆಂಕಿಯಂತೆ ಹೊಳೆಯುತ್ತಿತ್ತು. ಅದರ ಹಿಂದೆ ಅವನದೇ ಮುಖ, ಹೇಳಿಕೊಟ್ಟಂತೆ ಹಲ್ಲು ಕಿಸಿದು ಕುಣಿಯುತ್ತಿತ್ತು. ಜೀವಮಾನಕ್ಕೆ ಒಮ್ಮೆ ಕೈಗೆ ಬಂದಿತ್ತು, ಆಗ ಅವನು ಸಂತೋಷದ ನಾಟಕ ಆಡುತ್ತಿದ್ದ.

ಅಮೂಲ್ಯ ಪರದೆಯನ್ನೇ ನೋಡುತ್ತ ಮುಖ ಸಿಂಡರಿಸಿದಳು.

"ಇಲ್ರಿ, ನಿಜವಾಗ್ಲೂ ಸಿಕ್ಕೋರ ಮಾರಿ ಹಿಂಗ ಇರಾಂಗಿಲ್ಲ. ನಾಳೆ ಇನ್ನೊಂದ್ಸಲ ತಗೊಳ್ಳೋಣು" ಎಂದು ಗಾಜಿನ ಚೂರನ್ನು ಅವನ ಅಂಗೈಯಲ್ಲಿಟ್ಟಳು.