ಕರ್ನಲ್ಲರ ನಾಯಿ ಮತ್ತು ಆರನೆಯ ಬೆರಳು

ಮೆಲ್ಬರ್ನಿನ ಒಂದು ಚಿತ್ರಶಾಲೆಯ ನಿಯಮಾವಳಿಯಂತೆ, ಪಟದೊಳಗಿನ ಸೇವಕನಿಗೆ ಹೆಸರು ಬೇಕಾದರೆ ವಂಶಸ್ಥರು ಅರ್ಜಿ ಕೊಡತಕ್ಕದ್ದು. ನಾಯಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಅಲ್ಲಿ ಒಂದು ಪಟವಿದೆ. ಇನ್ನೂರು ವರ್ಷದ ಹಿಂದೆ ಇಂಗ್ಲಿಷ್ ಚಿತ್ರಕಾರನೊಬ್ಬ ಧಾರವಾಡದ ಬಿಸಿಲಲ್ಲಿ ಬರೆದದ್ದು. ಕೆಳಗೆ ಹಿತ್ತಾಳೆ ತಗಡು: ‘ಕರ್ನಲ್ ಪಿಲ್ಬೀಮ್, ಅವರ ನಾಯಿ ಡ್ಯೂಕ್ ಮತ್ತು ಒಬ್ಬ ಸೇವಕ.’ ಸೇವಕ ಛತ್ರಿ ಹಿಡಿದಿದ್ದಾನೆ. ಹಿಡಿದ ಎಡಗೈಗೆ ಆರು ಬೆರಳು.

ಅದೇ ಊರಿನ ಕ್ರೇಗಿಬರ್ನ್ ಬಡಾವಣೆಯ ಬಸ್ ಡ್ರೈವರ್ ದ್ಯಾಮಣ್ಣನ ಎಡಗೈಗೂ ಆರು ಬೆರಳು. ಅವನಪ್ಪನಿಗೂ ಆರು, ಅಜ್ಜನಿಗೂ ಆರು. ಸಾಹೇಬನ ಪಟಕ್ಕಾಗಿ ಹದಿನೇಳು ದಿನ ಛತ್ರಿ ಹಿಡಿದು ನಿಂತ ಹಿರಿಯನ ಹೆಸರು ಬಸವಣ್ಣೆಪ್ಪ ಎಂದು ಮನೆಮಂದಿಗೆಲ್ಲ ಗೊತ್ತು. ಆ ಹೆಸರು ತಗಡಿನ ಮೇಲೆ ಬರಬೇಕು. ದ್ಯಾಮಣ್ಣ ಕೇಳಿದ್ದು ಇಷ್ಟೇ.

ಅರ್ಜಿ ನಮೂನೆಯಲ್ಲಿ ‘ಚಿತ್ರದಲ್ಲಿರುವ ವ್ಯಕ್ತಿಯ ಸಹಿ’ ಎಂಬ ಕಾಲಂ ಇತ್ತು. ದ್ಯಾಮಣ್ಣ ಸಹಿಯ ಬದಲು ಕೈ ತೋರಿಸಿದ. ಸಿಡ್ನಿಯಿಂದ ತಜ್ಞರ ಸಮಿತಿ ವಿಮಾನದಲ್ಲಿ ಬಂದು, ಪಟದ ಕೈ, ದ್ಯಾಮಣ್ಣನ ಕೈ ಎರಡನ್ನೂ ನೋಡಿ, ಆರನೆಯ ಬೆರಳು ಚಿತ್ರಕಾರನ ಕೈತಪ್ಪು ಎಂದು ತೀರ್ಮಾನಿಸಿತು. ತಪ್ಪನ್ನು ಗಮನಕ್ಕೆ ತಂದ ಅರ್ಜಿದಾರರಿಗೆ ವಂದನೆ ಸಲ್ಲಿಸಿ, ಬಣ್ಣ ಬಳಿದು ಬೆರಳನ್ನು ಮುಚ್ಚಿಸಿತು. ಮರುವಾರ ಪತ್ರ ಬಂತು: ‘ಚಿತ್ರದ ಕೈಗೂ ತಮ್ಮ ಕೈಗೂ ಈಗ ಹೋಲಿಕೆ ಇಲ್ಲವಾದ್ದರಿಂದ ಅರ್ಜಿ ತಿರಸ್ಕೃತ.’

ದ್ಯಾಮಣ್ಣ ಕನ್ನಡ ಸಂಘದ ಅಧ್ಯಕ್ಷ ಚಕ್ರಪಾಣಿಯವರ ಬಳಿ ಹೋದ.

“ಸರ್, ಸಂಘದಿಂದ ಒಂದ್ ಪತ್ರ ಬರದು ಕೊಡ್ರಿ. ಅಂವ ನಮ್ಮಂವ ಅಂತ.”

“ಕೊಡೋಣ ದ್ಯಾಮಣ್ಣ. ಆದ್ರೆ ಛತ್ರಿ ಹಿಡಿಯೋರು ಅಂದ್ರೆ ಕಮ್ಯುನಿಟಿ ಇಮೇಜ್ ಏನಾಗತ್ತೆ? ಕರ್ನಲ್ ಕಡೆಯಿಂದ ಏನೂ ಸಂಬಂಧ ಇಲ್ವಾ?”

“ಹದಿನೇಳು ದಿನ ನೆರಳು ಮಾಡ್ಯಾನಲ್ರಿ, ಅದ ಸಂಬಂಧ.”

“ಅದು ಸಾಲಲ್ಲ. ನೋಡಿ, ಡ್ಯೂಕ್ ವಂಶದವರು ಇಲ್ಲೇ ಹತ್ತಿರ ಪಾಯಿಂಟ್ ಕುಕ್‌ನಲ್ಲೇ ಇದಾರೆ. ಪೇಪರ್ಸ್ ಎಲ್ಲಾ ಪಕ್ಕಾ. ರಾಜ್ಯೋತ್ಸವಕ್ಕೆ ಚೀಫ್ ಗೆಸ್ಟ್ ಅಂತ ಬುಕ್ ಮಾಡಿದೀವಿ.”

“ನಾಯೀನ?”

“ಹಾಗೆಲ್ಲ ಅನ್ಬೇಡಿ. ಗೆಸ್ಟ್ ಅವರು.”

ರಾಜ್ಯೋತ್ಸವದ ದಿನ ಪಾರ್ಕಿನಲ್ಲಿ ಬಿಸಿಲು ಜೋರಿತ್ತು. ಅತಿಥಿಗಳಿಗೆ ಪೇಟ ತೊಡಿಸಿ ಶಾಲು ಹೊದಿಸಲಾಯಿತು. ಶಾಲನ್ನು ಅವರು ಅಲ್ಲೇ ಹರಿದರು. ಸಭೆ ಅದನ್ನು ಸರಳತೆ ಎಂದು ಮೆಚ್ಚಿತು. ಅತಿಥಿಗಳು ನಾಲಗೆ ಚಾಚಿದ್ದು ಕಂಡು ಚಕ್ರಪಾಣಿ ಛತ್ರಿ ತಂದರು.

“ದ್ಯಾಮಣ್ಣ, ಸ್ವಲ್ಪ ಹಿಡ್ಕೊಳ್ಳಿ. ನಿಮ್ಮನೇಲಿ ಅಭ್ಯಾಸ ಇದೆ ಅಲ್ವಾ?”

ಸಂಘದ ಪತ್ರಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. ದ್ಯಾಮಣ್ಣ ಹಿಡಿದ.

ಸಂಘದ ಪತ್ರಿಕೆಯಲ್ಲಿ ಫೋಟೋ ಬಂತು: ‘ಡ್ಯೂಕ್ ಅರವತ್ತೊಂದನೆಯವರು, ಅಧ್ಯಕ್ಷರು ಮತ್ತು ಒಬ್ಬ ಕಾರ್ಯಕರ್ತ.’ ಪುಟ ಜೋಡಿಸಿದವರು, ಬೆರಳೊಂದು ಹೆಚ್ಚಿಗೆ ಬಂದಿದೆಯೆಂದು ಅಳಿಸಿದ್ದರು. ಚಕ್ರಪಾಣಿ ಪತ್ರದ ಬದಲು ಆ ಪತ್ರಿಕೆಯನ್ನೇ ಚಿತ್ರಶಾಲೆಗೆ ಕಳಿಸಿದರು.

ಸಮಿತಿ ಫೋಟೋವನ್ನು ಪಟದ ಪಕ್ಕದಲ್ಲಿಟ್ಟು ನೋಡಿತು. ಇಬ್ಬರ ಕೈಯಲ್ಲೂ ಛತ್ರಿ. ಇಬ್ಬರಿಗೂ ಐದೇ ಬೆರಳು. ಹೆಸರು ಇಬ್ಬರಿಗೂ ಇಲ್ಲ. ರಕ್ತಸಂಬಂಧ ಸಾಬೀತಾಯಿತು, ಅರ್ಜಿ ಮಂಜೂರಾಯಿತು. ಹೊಸ ತಗಡಿನಲ್ಲಿ ಒಂದು ಸಾಲು ಸೇರಿತು: ‘ಸೇವಕನ ವಂಶಸ್ಥ ಇಂದಿಗೂ ಸೇವೆಯಲ್ಲಿದ್ದಾನೆ.’

ಅನಾವರಣಕ್ಕೆ ಡ್ಯೂಕ್ ಅರವತ್ತೊಂದನೆಯವರೂ ದಯಮಾಡಿಸಿದ್ದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದ್ಯಾಮಣ್ಣನಿಗೆ ಮಾತ್ರ ತಟ್ಟಲಾಗಲಿಲ್ಲ. ಒಳಗೆ ಬಿಸಿಲಿರಲಿಲ್ಲವಾದರೂ ಅವನ ಕೈಯಲ್ಲಿ ಛತ್ರಿ ಇತ್ತು.